ನಳಿಗೆಯ ಭಾರವೂ ಹೊರುವ ಹೆಗಲೂ

ಬಂದೂಕಿಗೆ ಕನ್ನಡದಲ್ಲಿ ಹೆಸರುಗಳು ಹಲವು. ‘ತುಪಾಕಿ’ ತುರ್ಕಿ ಪಾರಸಿಗಳ ಕಡೆಯಿಂದ ಬಂದದ್ದು. ‘ಬಂದೂಕು’ ಅರಬ್ಬಿಯಲ್ಲಿ ಗೋಲಿಯಂಥ ಸಣ್ಣ ಗುಂಡಿಗಿದ್ದ ಹೆಸರಿನಿಂದ ಹುಟ್ಟಿದ್ದು. ಎರಡೂ ಪದಾರ್ಥದ ಬೆನ್ನು ಹತ್ತಿ ನಮ್ಮ ನಾಡಿಗೆ ಬಂದ ಪದಗಳು. ‘ಕೋವಿ’ ಮಾತ್ರ ಇಲ್ಲಿಯದೇ. ಕೋವಿ ಎಂದರೆ ಮೊದಲಿಗೆ ಕೊಳವೆ. ಅನಂತರ ಕೊಳವೆಯುಳ್ಳ ಆಯುಧ. ಮದ್ದು, ಗುಂಡು, ಬತ್ತಿ, ಕುದುರೆ, ಹಿಡಿ ಎಂದು ಆ ಆಯುಧದಲ್ಲಿ ಎಷ್ಟೊಂದು ಅಂಗಗಳಿದ್ದರೂ ಕನ್ನಡಿಗನ ಕಣ್ಣಿಗೆ ಮೊದಲು ಬಿದ್ದದ್ದು ಆ ಕಬ್ಬಿಣದ ನಳಿಗೆ. ಅವನ ಕಣ್ಣು ತಪ್ಪಲಿಲ್ಲ. ಬಂದೂಕಿನ ತೂಕದಲ್ಲಿ ದೊಡ್ಡ ಪಾಲು ನಳಿಗೆಯದೇ. ಅದರ ಬೆಲೆಯಲ್ಲಿಯೂ, ಅದರಿಂದ ಬರುವ ಅಪಾಯದಲ್ಲಿಯೂ ಹಾಗೆಯೇ.

ಬೇಟೆಯ ಕೋವಿಯ ನಳಿಗೆ ದಪ್ಪವಾಗಿರಬೇಕೋ ತೆಳ್ಳಗಿರಬೇಕೋ ಎಂಬ ಪ್ರಶ್ನೆ ಬಲು ಹಳೆಯದು. ಇತ್ತೀಚಿನ ದಶಕಗಳಲ್ಲಿ ಅದು ಬೇರೊಂದು ವೇಷ ತೊಟ್ಟಿದೆ. ಅಮೆರಿಕ, ಯೂರೋಪುಗಳಲ್ಲಿ ಇಂದಿಗೂ ಬೇಟೆಗೆ ಹೋಗುವವರು ರೈಫಲ್ ಕೊಳ್ಳುವಾಗ ಭಾರದ ನಳಿಗೆ ಮೇಲೋ, ಹೊರಮೈಯಲ್ಲಿ ಉದ್ದುದ್ದ ಕಾಲುವೆ ಕೊರೆದು ಹಗುರ ಮಾಡಿದ ‘ಫ್ಲೂಟೆಡ್’ ನಳಿಗೆ ಮೇಲೋ ಎಂದು ಮುಗಿಯದ ವಾದ ಹೂಡುತ್ತಾರೆ. ನಾನು ಹಳಗನ್ನಡ ಪಾಠ ಹೇಳಿಕೊಂಡಿರುವವನು. ಹುಲಿಯ ಮುಂದೆ ಕೋವಿ ಹಿಡಿದು ನಿಂತವನಲ್ಲ. ಆದರೆ ಬೇಟೆಗಾರರು ಬರೆದಿಟ್ಟ ಪುಸ್ತಕಗಳನ್ನು ಓದುತ್ತ ಹೋದಂತೆ ಒಂದು ಸಂಗತಿ ಮನಸ್ಸಿಗೆ ಹತ್ತಿತು. ನಾಲ್ಕು ಶತಮಾನಗಳಲ್ಲಿ ನಳಿಗೆಯ ಭಾರಕ್ಕೆ ಜನ ಕೊಟ್ಟ ಕಾರಣ ಮೂರು ಸಲ ಬದಲಾಗಿದೆ. ಆ ಭಾರವನ್ನು ಯಾರು ಹೊರುತ್ತಿದ್ದರು ಎಂಬುದನ್ನು ಮಾತ್ರ ಹೆಚ್ಚಿನವರು ಕೇಳಲೇ ಇಲ್ಲ.

ಮೊದಲನೆಯ ಕಾರಣ ಭಯ. ಹಳೆಯ ಕಾಲದ ಕಬ್ಬಿಣವನ್ನು ನಂಬುವಂತಿರಲಿಲ್ಲ. ಮದ್ದು ಉರಿದಾಗ ಗುಂಡು ಮುಂದೆ ಹೋಗುವುದರ ಬದಲು ನಳಿಗೆಯೇ ಸಿಡಿದು ಹೊಡೆದವನ ಮುಖಕ್ಕೆ ಬರುವ ಸಂಭವ ಯಾವಾಗಲೂ ಇತ್ತು. ಅಬುಲ್ ಫಜಲನು ‘ಆಯಿನೆ ಅಕ್ಬರಿ’ಯಲ್ಲಿ ಈ ವಿಷಯವನ್ನು ಬಹು ಶ್ರದ್ಧೆಯಿಂದ ಬರೆದಿದ್ದಾನೆ. ಹಿಂದೆ ನಳಿಗೆಯ ಕಾಲುಭಾಗಕ್ಕಿಂತ ಹೆಚ್ಚು ಮದ್ದು ತುಂಬಲು ಆಗುತ್ತಿರಲಿಲ್ಲವೆಂದೂ, ಅಕ್ಬರನ ಕಾರ್ಖಾನೆಯಲ್ಲಿ ಬಾಯಿಯವರೆಗೆ ತುಂಬಿದರೂ ಸಿಡಿಯದ ನಳಿಗೆಗಳನ್ನು ಮಾಡತೊಡಗಿದರೆಂದೂ ಅವನ ಹೇಳಿಕೆ. ತಗಡಾಗಿ ಬಡಿದ ಕಬ್ಬಿಣವನ್ನು ಓರೆಯಾಗಿ ಸುರುಳಿ ಸುತ್ತಿ, ಒಂದು ಸುತ್ತಿನ ಅಂಚು ಇನ್ನೊಂದರ ಮೇಲೆ ಬರುವಂತೆ ಕೂರಿಸಿ, ಮೆಲ್ಲನೆ ಕಾಯಿಸಿ ಬೆಸೆಯುವ ಕ್ರಮ ಅದು. ಪ್ರತಿಯೊಂದು ಬಂದೂಕಿಗೂ ತಂದ ಕಬ್ಬಿಣ ಎಷ್ಟು, ಕೆಲಸ ಮುಗಿದ ಮೇಲೆ ಉಳಿದ ತೂಕ ಎಷ್ಟು ಎಂಬುದನ್ನು ಗುರುತು ಹಾಕುತ್ತಿದ್ದರಂತೆ. ತೂಕವೇ ಅಲ್ಲಿ ಭರವಸೆಯ ಮುದ್ರೆ. ಅಕ್ಬರನ ಮೆಚ್ಚಿನ ಬಂದೂಕಿನ ಹೆಸರು ‘ಸಂಗ್ರಾಮ’. 1568ರಲ್ಲಿ ಚಿತ್ತೂರಿನ ಮುತ್ತಿಗೆಯಲ್ಲಿ ಕೋಟೆಯ ನಾಯಕ ಜಯಮಲ್ಲನನ್ನು ಕೆಡವಿದ್ದು ಅದರಿಂದಲೇ. ಅದೊಂದರಿಂದಲೇ ಬಾದಷಹನು 1019 ಮೃಗಗಳನ್ನು ಬೇಟೆಯಾಡಿದನೆಂದು ಅಬುಲ್ ಫಜಲ್ ಲೆಕ್ಕ ಕೊಡುತ್ತಾನೆ. ಆಸ್ಥಾನದ ಲೆಕ್ಕ, ಒಂದೆರಡು ಕಡಿಮೆಯಿದ್ದರೂ ಕೇಳುವವರಾರು?

ನಮ್ಮ ಕಡೆಯ ಯುದ್ಧಗಳಲ್ಲಿ ಕೋವಿಯ ಮಾತು ಅದಕ್ಕೂ ಮುಂಚೆಯೇ ಬರುತ್ತದೆ. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿಗೆ ಮುತ್ತಿಗೆ ಹಾಕಿದಾಗ ಪೋರ್ಚುಗೀಸ್ ಕೋವಿಗಾರರ ಸಣ್ಣ ತಂಡವೊಂದು ಗೋಡೆಯ ಮೇಲಿನವರನ್ನು ಉರುಳಿಸುತ್ತಿದ್ದಂತೆ, ರಾಯನ ಜನ ಕೆಳಗೆ ನಿರಾತಂಕವಾಗಿ ಕಲ್ಲು ಕೀಳುತ್ತಿದ್ದರಂತೆ. ಎರಡೂವರೆ ಶತಮಾನದ ತರುವಾಯ ಟಿಪ್ಪುವಿನ ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಹುಲಿಪಟ್ಟೆಯ ಚಿತ್ತಾರದ, ‘ಸರ್ಕಾರೆ ಖುದಾದಾದ್’ ಎಂಬ ಅಂಕಿತದ, ಚಕಮಕಿ ಕಲ್ಲಿನ ಬಂದೂಕುಗಳು ತಯಾರಾದವು. ಹಳ್ಳಿಯ ಈಡುಗಾರನ ಕೈಯಲ್ಲಿ ಮಾತ್ರ ಆಗಲೂ ಇದ್ದದ್ದು ಬತ್ತಿಯ ಕೋವಿಯೇ: ಆಳೆತ್ತರಕ್ಕೆ ಸ್ವಲ್ಪವೇ ಕಡಿಮೆಯ ಉದ್ದ, ಮದ್ದು ಉರಿಯುವ ಬುಡದಲ್ಲಿ ದಪ್ಪ. ಅದನ್ನು ಅವನೇ ಹೊರುತ್ತಿದ್ದ. ಒಂದು ಈಡು ಹೊಡೆದಮೇಲೆ ಮತ್ತೆ ತುಂಬಲು ಬೇಕಾದಷ್ಟು ಹೊತ್ತು ಹಿಡಿಯುತ್ತಿದ್ದುದರಿಂದ ಮೃಗದ ಎದುರು ನಿಲ್ಲದೆ ಮರದ ಮೇಲೆಯೋ ಗುಂಡಿಯಲ್ಲಿಯೋ ಕುಳಿತು ಕಾಯುತ್ತಿದ್ದ. ಕುಳಿತವನಿಗೆ ಭಾರದ ಚಿಂತೆ ಕಡಿಮೆ.

ಎರಡನೆಯ ಕಾರಣ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಆನೆಯ ಬೇಟೆಯ ಹುಚ್ಚಿನೊಂದಿಗೆ. ಇಲ್ಲಿ ಒಂದು ಲೆಕ್ಕವನ್ನು ತಿಳಿದುಕೊಳ್ಳಬೇಕು. ‘ಹನ್ನೆರಡರ ಬೋರು’ ಎಂಬ ಮಾತನ್ನು ಮಲೆನಾಡಿನ ಯಾವ ತೋಟದ ಮನೆಯಲ್ಲಾದರೂ ಕೇಳಿರಬಹುದು. ಒಂದು ಪೌಂಡು ಸೀಸದಲ್ಲಿ ಸಮಗಾತ್ರದ ಹನ್ನೆರಡು ಗುಂಡು ಎರಕ ಹೊಯ್ದರೆ, ಆ ಒಂದು ಗುಂಡು ಹಿಡಿಸುವ ನಳಿಗೆಯೇ ಹನ್ನೆರಡರ ಬೋರು. ಅಂಕಿ ಇಳಿದಷ್ಟೂ ನಳಿಗೆ ಹಿಗ್ಗುತ್ತದೆ. ನಾಲ್ಕರ ಬೋರಿನ ಗುಂಡು ಕಾಲು ಪೌಂಡು, ಎಂದರೆ 113 ಗ್ರಾಂ. ಅಷ್ಟು ದೊಡ್ಡ ಸೀಸದ ಮುದ್ದೆಯನ್ನು ಕರಿಮದ್ದಿನಿಂದ ತಳ್ಳಿದರೆ ಅದು ಮುಂದಕ್ಕೆ ಎಷ್ಟು ರಭಸದಿಂದ ನುಗ್ಗುತ್ತದೆಯೋ ಅದಕ್ಕೆ ತಕ್ಕ ಒದೆ ಹಿಂದಕ್ಕೂ ಬೀಳುತ್ತದೆ. ಆ ಒದೆಯನ್ನು ತಗ್ಗಿಸಲು ಇದ್ದ ಉಪಾಯ ಒಂದೇ: ಕೋವಿಯ ತೂಕ ಹೆಚ್ಚಿಸುವುದು. ಉಕ್ಕು ಸುಧಾರಿಸಿ ನಳಿಗೆ ಸಿಡಿಯುವ ಅಂಜಿಕೆ ಕಳೆಯುತ್ತ ಬಂದರೂ ನಳಿಗೆಯ ದಪ್ಪ ಇಳಿಯದಿರಲು ಇದೇ ಕಾರಣ.

ಈ ಭಾರದ ಪಂಥದ ಮೂಲಪುರುಷನೆಂದರೆ ಸ್ಯಾಮ್ಯುಯೆಲ್ ಬೇಕರ್. ನೈಲ್ ನದಿಯ ಮೂಲವನ್ನು ಹುಡುಕಿ ಹೊರಟು ಹೆಸರು ಪಡೆದವನು. ಹತ್ತೊಂಬತ್ತು ವರ್ಷದ ಹುಡುಗನಾಗಿದ್ದಾಗಲೇ, 1840ರಲ್ಲಿ, ಬ್ರಿಸ್ಟಲ್ಲಿನ ಗಿಬ್ಸ್ ಎಂಬ ಕೋವಿಗಾರನನ್ನು ಕಾಡಿ ಬೇಡಿ ಒಂದು ರೈಫಲ್ ಮಾಡಿಸಿದ. ನಳಿಗೆಯ ಉದ್ದ ಮೂರಡಿ, ತೂಕ 21 ಪೌಂಡು, ಎಂದರೆ ಒಂಬತ್ತೂವರೆ ಕಿಲೋ. ಅದನ್ನು ಸಿಂಹಳಕ್ಕೆ ಒಯ್ದು ಆನೆ, ಕಾಡುಕೋಣಗಳ ಮೇಲೆ ಪ್ರಯೋಗಿಸಿದ. ಅದರಿಂದಲೂ ತೃಪ್ತಿಯಾಗದೆ ಮುಂದೆ ಹಾಲೆಂಡ್ ಎಂಬವರಿಂದ ಅರ್ಧ ಪೌಂಡಿನ ಸಿಡಿಗುಂಡು ಹಾರಿಸುವ ಇನ್ನೊಂದನ್ನು ಮಾಡಿಸಿದ. ಅದರ ತೂಕ 20 ಪೌಂಡು. ಹೆಸರು? ‘ಬೇಬಿ’! ಅವನ ಅರಬ್ಬೀ ಸಂಗಡಿಗರು ಅದನ್ನು ಫಿರಂಗಿಯ ಮಗುವೆಂದು ಕರೆಯುತ್ತಿದ್ದರಂತೆ. ಅದನ್ನು ಹಾರಿಸಿದಾಗಲೆಲ್ಲ ಬಿರುಗಾಳಿಗೆ ಸಿಕ್ಕ ಗಾಳಿಕೋಳಿಯಂತೆ ತಾನು ಸುತ್ತಿಬಿಡುತ್ತಿದ್ದೆನೆಂದೂ, ಆದ್ದರಿಂದ ಅಪರೂಪಕ್ಕೆ ಮಾತ್ರ ಮುಟ್ಟುತ್ತಿದ್ದೆನೆಂದೂ ಬೇಕರನೇ ಒಪ್ಪಿಕೊಂಡಿದ್ದಾನೆ. ಬೇಕರ್ ಆಜಾನುಬಾಹು. ಅವನಿಗೇ ಈ ಗತಿಯಾದರೆ ಉಳಿದವರ ಪಾಡೇನು?

ಹೀಗೆ ಅಪರೂಪಕ್ಕೆ ಮುಟ್ಟುವ ಒಂಬತ್ತು ಕಿಲೋದ ವಸ್ತುವನ್ನು ಉಳಿದ ಹೊತ್ತಿನಲ್ಲಿ ಯಾರಾದರೂ ಹೊತ್ತುಕೊಂಡು ತಿರುಗಲೇಬೇಕಷ್ಟೆ. ಅವನೇ ‘ಗನ್ ಬೇರರ್’. ದೊರೆ ಮುಂದೆ, ಕೋವಿ ಹೊತ್ತವನು ಅವನ ಹಿಂದೆ ಒಂದು ಮಾರು ದೂರದಲ್ಲಿ. ಆನೆ ಮುನ್ನುಗ್ಗಿದಾಗ ಖಾಲಿಯಾದ ಕೋವಿಯನ್ನು ಈಚೆ ತೆಗೆದುಕೊಂಡು ತುಂಬಿದ್ದನ್ನು ಆಚೆ ಕೈಗೆ ಕೊಡಬೇಕು, ಓಡಬಾರದು. ಸಾಹೇಬನ ಕೈಯಲ್ಲಿ ಕೋವಿಯಿದೆ, ಇವನ ಕೈಯಲ್ಲಿರುವುದು ಖಾಲಿ ಕಬ್ಬಿಣ. ಆ ಕಾಲದ ಬೇಟೆಯ ಪುಸ್ತಕಗಳಲ್ಲಿ ಗನ್ ಬೇರರನು ಓಡಿಹೋದನೆಂಬ ದೂರು ಮತ್ತೆ ಮತ್ತೆ ಬರುತ್ತದೆ. ಓಡದೆ ನಿಂತವರ ಸಂಖ್ಯೆಯೇ ಹೆಚ್ಚೆಂಬುದು ಅದೇ ಪುಸ್ತಕಗಳನ್ನು ನಿಧಾನವಾಗಿ ಓದಿದರೆ ಗೊತ್ತಾಗುತ್ತದೆ. ಅವರು ನಿಂತಿದ್ದರಿಂದಲೇ ಆ ಪುಸ್ತಕಗಳು ಬರೆಯಲ್ಪಟ್ಟವು.

ಈ ಕಥೆ ನಮ್ಮ ಮೈಸೂರು ಸೀಮೆಗೆ ಬರುವುದು ಜಾರ್ಜ್ ಪೆರೆಸ್ ಸ್ಯಾಂಡರ್ಸನ್ನನ ಮೂಲಕ. ಆ ಮನೆತನದ ಹೆಸರು ಕನ್ನಡ ಓದಿದವರಿಗೆ ಹೊಸದಲ್ಲ. ಅವನ ತಂದೆ ವೆಸ್ಲಿಯನ್ ಮಿಷನ್ನಿನ ಪಾದ್ರಿ ಡೇನಿಯಲ್ ಸ್ಯಾಂಡರ್ಸನ್. ಲಕ್ಷ್ಮೀಶನ ಜೈಮಿನಿ ಭಾರತವನ್ನು ಅನುವಾದ, ಟಿಪ್ಪಣಿಗಳೊಡನೆ 1852ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಅವರು. ರೀವನ ಕನ್ನಡ-ಇಂಗ್ಲಿಷ್ ನಿಘಂಟನ್ನು ತಿದ್ದಿ, ಹಿಗ್ಗಿಸಿ 1858ರಲ್ಲಿ ಹೊರತಂದವರೂ ಅವರೇ. ತಂದೆ ಶಬ್ದಗಳ ಬೆನ್ನು ಹತ್ತಿದರೆ ಮಗ ಆನೆಗಳ ಬೆನ್ನು ಹತ್ತಿದ. 1864ರಲ್ಲಿ ಹದಿನಾರರ ಹರೆಯದಲ್ಲಿ ಇಂಗ್ಲೆಂಡಿನಿಂದ ಮರಳಿ ಬಂದು ಮೈಸೂರಿನ ಕಾಲುವೆಗಳ ಮೇಲ್ವಿಚಾರಣೆಗೆ ಸೇರಿದವನು, ಚಾಮರಾಜನಗರದ ಕಾಡಂಚಿನಲ್ಲಿ ಬಿಡಾರ ಹೂಡಿ 1874ರಲ್ಲಿ ಕಾಡಾನೆಗಳ ಹಿಂಡನ್ನೇ ಖೆಡ್ಡಾಕ್ಕೆ ಕೆಡವಿದ. ಕಿಪ್ಲಿಂಗನ ‘ಜಂಗಲ್ ಬುಕ್’ನಲ್ಲಿ ಬರುವ ಪೀಟರ್ಸನ್ ಸಾಹೇಬನಿಗೆ ಇವನೇ ಮಾದರಿಯೆಂದು ಹೇಳುತ್ತಾರೆ. 1892ರಲ್ಲಿ ಮದರಾಸಿನಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ ನಲವತ್ತನಾಲ್ಕೇ ವರ್ಷ.

ಹದಿಮೂರು ವರ್ಷಗಳ ತನ್ನ ಕಾಡಿನ ಅನುಭವವನ್ನು ಅವನು 1878ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ತನ್ನ ಕೋವಿಗಳ ವಿಷಯವನ್ನು ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಮೊದಮೊದಲು ಹನ್ನೆರಡರ ಬೋರಿನಲ್ಲಿಯೇ ಕೆಲವು ಆನೆಗಳನ್ನು ಹೊಡೆದನಂತೆ, ಸಾಲದೆಂದು ಕಂಡಿತು. ಆಮೇಲೆ ನಾಲ್ಕರ ಬೋರಿನ ಒಂಟಿನಳಿಗೆಯ ರೈಫಲನ್ನು ಹೇಳಿ ಮಾಡಿಸಿದ, ಏಳೂವರೆ ಕಿಲೋ. ಒಮ್ಮೆ ಅದರ ತೋಟೆ ಹಾರದೆ ಪ್ರಾಣಕ್ಕೇ ಸಂಚಕಾರ ಬಂದಾಗ ಒಂಟಿನಳಿಗೆಯ ಮೇಲಣ ನಂಬಿಕೆ ಹೋಯಿತು. ಕೊನೆಗೆ ಗ್ರೀನರ್ ಎಂಬ ಹೆಸರಾಂತ ಕೋವಿಗಾರನಿಂದ ಅದೇ ನಾಲ್ಕರ ಬೋರಿನ ಜೋಡುನಳಿಗೆಯದನ್ನು ತರಿಸಿದ. ಒಂದೊಂದು ಈಡಿಗೆ ಹನ್ನೆರಡು ಡ್ರಾಂ ಕರಿಮದ್ದು, ಎಂದರೆ ಸುಮಾರು 21 ಗ್ರಾಂ. ಕೋವಿಯ ತೂಕ ಹತ್ತೊಂಬತ್ತೂವರೆ ಪೌಂಡು, ಎಂದರೆ ಒಂಬತ್ತು ಕಿಲೋಕ್ಕೆ ಸ್ವಲ್ಪ ಕಡಿಮೆ. ಫಿರಂಗಿಯ ಜಾತಿಯದೊಂದು ಆಯುಧವಿಲ್ಲದೆ ಆನೆಯಂಥ ಮೃಗದ ಎದುರಿಗೆ ಸರಿಸಮನಾಗಿ ನಿಲ್ಲಲಾಗದೆಂಬುದು ಅವನ ಖಚಿತ ಅಭಿಪ್ರಾಯ. ಅವನ ಕಾಲಕ್ಕೆ ಅದು ನಿಜವೂ ಹೌದು. ಕರಿಮದ್ದಿನಲ್ಲಿ ವೇಗ ಸಿಗುತ್ತಿರಲಿಲ್ಲ. ವೇಗವಿಲ್ಲದಿದ್ದರೆ ತೂಕದಿಂದಲೇ ಆನೆಯ ತಲೆಬುರುಡೆ ಒಡೆಯಬೇಕು.

ಈ ಸ್ಯಾಂಡರ್ಸನ್ ತನ್ನ ಜೊತೆಗಾರರನ್ನು ಮರೆತವನಲ್ಲ ಎಂಬುದನ್ನೂ ಹೇಳಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಕಾಡಿನ ಕುರುಬರು ಹೆಜ್ಜೆ ಹಿಡಿಯುವುದರಲ್ಲಿ ಎಂಥ ಚತುರರೆಂಬುದನ್ನು ಅವನು ಮನಃಪೂರ್ವಕವಾಗಿ ಬಣ್ಣಿಸಿದ್ದಾನೆ. ಉಳಿದ ಸಾಹೇಬರಲ್ಲಿ ಈ ಗುಣ ಅಷ್ಟಾಗಿ ಕಾಣುವುದಿಲ್ಲ. ಆದರೂ ಕೋವಿಯ ತೂಕದ ಚರ್ಚೆ ಬಂದಾಗ ಅವನಿಗೂ ಮುಖ್ಯವಾದದ್ದು ಭುಜಕ್ಕೆ ಬೀಳುವ ಒದೆ. ಒದೆ ಬೀಳುವುದು ಒಂದು ಕ್ಷಣ, ಅದು ಸಾಹೇಬನ ಭುಜಕ್ಕೆ. ಭಾರ ಒತ್ತುವುದು ಇಡೀ ದಿನ, ಅದು ಇನ್ನೊಬ್ಬನ ಹೆಗಲಿಗೆ. ಒದೆಯನ್ನು ತಗ್ಗಿಸಲು ಭಾರವನ್ನು ಏರಿಸಿದ್ದು ಬಹು ಸುಲಭವಾಗಿ ಒಪ್ಪಿಗೆಯಾದ ಲೆಕ್ಕ, ಏಕೆಂದರೆ ಲೆಕ್ಕದ ಎರಡು ಪಕ್ಕಗಳೂ ಒಂದೇ ಮೈಯವಾಗಿರಲಿಲ್ಲ. ಅದೇ ಹೊತ್ತಿಗೆ ಅಮೆರಿಕದ ಪಶ್ಚಿಮದ ಬಯಲುಗಳಲ್ಲಿಯೂ ಸೇಂಟ್ ಲೂಯಿಯ ಹಾಕೆನ್ ಸೋದರರು ಮಾಡಿದಂಥ ಎಂಟು ಪಟ್ಟೆಯ ಭಾರಿ ನಳಿಗೆಯ ರೈಫಲುಗಳು ಮೆರೆದಿದ್ದವು. ಅಲ್ಲಿ ಆ ಭಾರವನ್ನು ಹೊರುತ್ತಿದ್ದದ್ದು ಸವಾರಿಯ ಕುದುರೆ.

ಸ್ಯಾಂಡರ್ಸನ್ನನ ಪುಸ್ತಕ ಬಂದ 1878ರಲ್ಲೇ ಲಾರ್ಡ್ ಲಿಟನ್ನನ ಸರ್ಕಾರ ಆಯುಧಗಳ ಕಾಯಿದೆಯನ್ನು ತಂದದ್ದು ಕಾಕತಾಳೀಯ. ಆದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಬ್ರಿಟಿಷ್ ಇಂಡಿಯಾದಲ್ಲಿ ಭಾರತೀಯನು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವಂತಿಲ್ಲ. ಯೂರೋಪಿಯನ್ನನಿಗೆ ಆ ಕಟ್ಟಿಲ್ಲ. ಒಂಬತ್ತು ಕಿಲೋದ ಕೋವಿಯನ್ನು ದಿನವಿಡೀ ಹೊತ್ತು, ತೊಳೆದು, ಎಣ್ಣೆ ಹಚ್ಚಿ, ತುಂಬಿ, ಸಮಯಕ್ಕೆ ಕೈಗೆ ಕೊಡಬಲ್ಲವನು ತನ್ನ ರಾಗಿಹೊಲಕ್ಕೆ ನುಗ್ಗಿದ ಹಂದಿಯನ್ನು ಹೊಡೆಯಲು ಕಚೇರಿಯ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾಯಿತು. ನಮ್ಮ ಸುತ್ತಿನಲ್ಲಿ ಇದಕ್ಕೆ ದೊಡ್ಡ ಅಪವಾದವೆಂದರೆ ಕೊಡಗು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದಲೇ ಆಯುಧ ಕಾನೂನಿನಿಂದ ವಿನಾಯಿತಿ ದೊರೆತಿತ್ತು. ಅಲ್ಲಿ ಕೋವಿಯೆಂದರೆ ಮನೆಯ ವಸ್ತು, ಒಡೆಯನೇ ಹೊರುವ ವಸ್ತು.

ನಾಲ್ಕರ ಬೋರಿನ ದರ್ಬಾರು ಮುಗಿದದ್ದು ಬೇಟೆಗಾರರ ವಾದದಿಂದಲ್ಲ, ರಸಾಯನ ಶಾಸ್ತ್ರದಿಂದ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ. 1889ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಡೈಟ್ ಬಂತು. ಸ್ವಲ್ಪವೇ ಮದ್ದು, ಸಣ್ಣ ಗುಂಡು, ಆದರೆ ಹಿಂದೆ ಕಾಣದ ವೇಗ. ಹತ್ತೇ ವರ್ಷದೊಳಗೆ ಲಂಡನ್ನಿನ ರಿಗ್ಬಿ ಸಂಸ್ಥೆ ಅರ್ಧ ಅಂಗುಲಕ್ಕೂ ಕಿರಿದಾದ .450 ನಳಿಗೆಯಿಂದ ಆನೆ ಕೆಡಹುವ ಜೋಡುನಳಿಗೆಯನ್ನು ಮಾಡಿತು. 1907ರಲ್ಲಿ ಸರ್ಕಾರ ಇದೇ .450ರ ಗಾತ್ರವನ್ನು ಭಾರತದಲ್ಲಿ ಖಾಸಗಿಯವರಿಗೆ ನಿಷೇಧಿಸಿದ್ದು ಬೇರೆ ಕಥೆ. ಸೈನ್ಯದ ಹಳೆಯ ಮಾರ್ಟಿನಿ ಬಂದೂಕಿನ ಗಾತ್ರವೂ ಅದೇ ಆಗಿದ್ದುದರಿಂದ ಗುಂಡುಗಳು ಯಾರ ಕೈಗೆ ಸೇರುವುವೋ ಎಂಬ ಅಂಜಿಕೆ. ಕೋವಿಗಾರರು ಜಾಣರು, .465, .470 ಎಂದು ಪಕ್ಕದ ಅಂಕಿಗೆ ಸರಿದುಕೊಂಡರು.

ಈ ಹಾದಿಯ ಕೊನೆಯನ್ನು ಮುಟ್ಟಿದವನು ಸ್ಕಾಟ್ಲೆಂಡಿನ ಬೆಲ್. ಅವನು ಆಫ್ರಿಕದಲ್ಲಿ ಸಾವಿರಕ್ಕೂ ಮೀರಿದ ಆನೆಗಳನ್ನು ಕೊಂದ. ಬಹುಪಾಲನ್ನು ಏಳು ಮಿಲಿಮೀಟರಿನ ಸಣ್ಣ ರೈಫಲಿನಿಂದ. ಆ ಗುಂಡಿನ ತೂಕ ಸುಮಾರು 11 ಗ್ರಾಂ, ಸ್ಯಾಂಡರ್ಸನ್ನನ ಗುಂಡಿನ ಹತ್ತರಲ್ಲೊಂದು ಪಾಲು. ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿಸಿ ಮಿದುಳು ಎಲ್ಲಿದೆಯೆಂದು ನೋಡಿಕೊಂಡಿದ್ದನಂತೆ. ದಂತಕ್ಕಾಗಿ ನಡೆಸಿದ ಈ ಸಂಹಾರವನ್ನು ಬೇಟೆಯೆನ್ನಲು ನನಗೆ ಮನಸ್ಸು ಬಾರದು. ಆದರೆ ತೂಕದ ವಾದಕ್ಕೆ ಅವನು ಕೊಟ್ಟ ಉತ್ತರವನ್ನು ಅಲ್ಲಗಳೆಯುವಂತಿಲ್ಲ. ಕೈ ದಣಿಯದೆ ಹೊರಬಹುದಾದ ಕೋವಿಯನ್ನು ತಾನೇ ಹೊತ್ತು, ಗುಂಡು ಎಲ್ಲಿ ಬೀಳಬೇಕೋ ಅಲ್ಲಿ ಬೀಳಿಸಿದರೆ, ಫಿರಂಗಿಯ ಅಗತ್ಯವಿರಲಿಲ್ಲ.

ಹಗುರ ನಳಿಗೆಯ ಪಕ್ಷಕ್ಕೆ ನಮ್ಮ ದೇಶದಲ್ಲಿ ಸಿಗುವ ಸಾಕ್ಷಿ ಇದಕ್ಕಿಂತ ಹೃದ್ಯವಾದದ್ದು. ಜಿಮ್ ಕಾರ್ಬೆಟ್ 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಬೆನ್ನಟ್ಟಿದಾಗ ಅವನ ಕೈಯಲ್ಲಿದ್ದದ್ದು .500ರ ಬಲವಾದ ಕಾರ್ಡೈಟ್ ರೈಫಲ್, ತೋಟೆ ಮೂರೇ. ಮೂರೂ ಮುಗಿದ ಮೇಲೆ ಓಡಿಹೋಗಿ ತಹಶೀಲ್ದಾರನ ಹಳೆಯ ಕೋವಿಯನ್ನು ಕಸಿದುಕೊಂಡು ಬಂದ. ಅದರ ನಳಿಗೆಗೂ ಬುಡಕ್ಕೂ ನಡುವೆ ಬೆರಳು ತೂರುವಷ್ಟು ಸಂದು! ಸಿಡಿದರೆ ಸಿಡಿಯಲೆಂದು ಅದರಿಂದಲೇ ಹೊಡೆದ. ಆ ಹುಲಿಯನ್ನು ಮುಗಿಸಿದ್ದಕ್ಕೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಹ್ಯೂವೆಟ್ ಅವನಿಗೆ ರಿಗ್ಬಿಯವರ .275ರ ರೈಫಲನ್ನು ಉಡುಗೊರೆ ಕೊಟ್ಟ. ಬೆಲ್ಲನದೇ ಗಾತ್ರ, ಮೂರೂವರೆ ಕಿಲೋದಷ್ಟು ತೂಕ.

1930ರ ಏಪ್ರಿಲ್ 11ರಂದು ಕುಮಾವೂನಿನ ಚೌಗಢದ ಕಣಿವೆಯೊಂದರಲ್ಲಿ ಕಾರ್ಬೆಟ್ ಇಳಿದು ಹೋಗುತ್ತಿದ್ದ. ಅರುವತ್ತನಾಲ್ಕು ಜನರನ್ನು ತಿಂದ ಹೆಣ್ಣುಹುಲಿ ಅಲ್ಲೇ ಎಲ್ಲೋ ಇತ್ತು. ದಾರಿಯಲ್ಲಿ ಹಕ್ಕಿಯ ಗೂಡೊಂದು ಕಂಡಿತು. ಮೊಟ್ಟೆ ಸಂಗ್ರಹಿಸುವ ಹವ್ಯಾಸದವನಾದ್ದರಿಂದ ಎರಡು ಮೊಟ್ಟೆಗಳನ್ನು ಎಡಗೈಯಲ್ಲಿ ಹಿಡಿದುಕೊಂಡ. ಬಲಗೈಯಲ್ಲಿ ಎದೆಗೆ ಅಡ್ಡಲಾಗಿ ರೈಫಲ್. ದೊಡ್ಡ ಬಂಡೆಯೊಂದನ್ನು ಬಳಸಿ ಮುಂದೆ ಬಂದು ಬಲಭುಜದ ಮೇಲಿಂದ ಹಿಂದಿರುಗಿ ನೋಡಿದರೆ ಎಂಟಡಿ ದೂರದಲ್ಲಿ ಹುಲಿ ಮಲಗಿ ಅವನನ್ನೇ ನೋಡುತ್ತಿದೆ. ನಳಿಗೆಯ ಮುಖ ಎತ್ತಲೋ ಇದೆ. ಅದನ್ನು ಮುಕ್ಕಾಲು ಸುತ್ತು ತಿರುಗಿಸಬೇಕು. ತಟ್ಟನೆ ಅಲುಗಿದರೆ ಹುಲಿ ಎಗರುತ್ತದೆ. ಎಡಗೈ ಮೊಟ್ಟೆಗಳಿಂದಾಗಿ ಇದ್ದೂ ಇಲ್ಲದಂತೆ. ಒಂದೇ ಕೈಯಿಂದ ಕೂದಲೆಳೆಯಷ್ಟು, ಕೂದಲೆಳೆಯಷ್ಟು ನಳಿಗೆಯನ್ನು ತಿರುಗಿಸುತ್ತ ಹೋದ. ತೋಳು ಸೋತು ಹೋಗುವ ಹೊತ್ತಿಗೆ ನಳಿಗೆ ಹುಲಿಯ ನೇರಕ್ಕೆ ಬಂತು. ಹೊಡೆದ. ಹುಲಿ ಅಲ್ಲೇ ತಲೆ ಚೆಲ್ಲಿತು. ಮೊಟ್ಟೆಗಳು ಒಡೆದಿರಲಿಲ್ಲ, ಆಮೇಲೆ ಅವನ್ನು ಗೂಡಿಗೇ ಹಿಂತಿರುಗಿಸಿದ.

ತನ್ನ ಪ್ರಾಣ ಉಳಿದದ್ದಕ್ಕೆ ಕಾರ್ಬೆಟ್ ಕೊಡುವ ಕಾರಣಗಳಲ್ಲಿ ಕೈಯಲ್ಲಿದ್ದ ಮೊಟ್ಟೆಗಳೂ ಉಂಟು, ರೈಫಲ್ ಹಗುರವಾಗಿದ್ದುದೂ ಉಂಟು. ಭಾರಿ ಕೋವಿಯನ್ನು ಒಂದೇ ಕೈಯಲ್ಲಿ ಹಾಗೆ ತಿರುಗಿಸಲಾಗುತ್ತಿರಲಿಲ್ಲ. ಸ್ಯಾಂಡರ್ಸನ್ನನ ಒಂಬತ್ತು ಕಿಲೋದ ಕೋವಿಯನ್ನು ಆ ಕೈಯಲ್ಲಿ ಇಟ್ಟು ನೋಡಿ. ಅಂಥ ಕೋವಿ ಆ ಕೈಯಲ್ಲಿ ಇರುತ್ತಲೇ ಇರಲಿಲ್ಲ, ಹಿಂದೆ ಬರುತ್ತಿದ್ದವನ ಹೆಗಲ ಮೇಲಿರುತ್ತಿತ್ತು. ಆ ರೈಫಲನ್ನು 2015ರಲ್ಲಿ ರಿಗ್ಬಿ ಸಂಸ್ಥೆ ಮರಳಿ ತನ್ನದಾಗಿಸಿಕೊಂಡಿತು. ನಮ್ಮ ಸೀಮೆಯ ನರಭಕ್ಷಕಗಳ ಕಥೆ ಬರೆದ ಬೆಂಗಳೂರಿನ ಕೆನೆತ್ ಆಂಡರ್ಸನ್, ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಕನ್ನಡದ ಮಕ್ಕಳಿಗೂ ಗೊತ್ತಿರುವವನು, ಅಮೆರಿಕದ .405 ವಿಂಚೆಸ್ಟರನ್ನು ತಾನೇ ಹೊತ್ತು ತಿರುಗುತ್ತಿದ್ದ. ರಾತ್ರಿ ಮಚಾನಿನಲ್ಲಿ ಅದಕ್ಕೆ ಟಾರ್ಚನ್ನೂ ಬಿಗಿಯುತ್ತಿದ್ದ.

ಸಿಡಿಯುವ ಭಯವೂ ಹೋಯಿತು, ಒದೆಯೂ ತಗ್ಗಿತು. ಹಾಗಾದರೆ ಭಾರದ ನಳಿಗೆ ಇನ್ನೂ ಏಕೆ ಉಳಿದಿದೆ? ಮೂರನೆಯ ಕಾರಣ ಬಂದದ್ದು ಗುರಿಯ ಬಯಲಿನಿಂದ. ಗುಂಡು ಹೊರಡುವಾಗ ನಳಿಗೆ ಮೀಟಿದ ತಂತಿಯಂತೆ ನಡುಗುತ್ತದೆ. ದಪ್ಪ ನಳಿಗೆ ಕಡಿಮೆ ನಡುಗುತ್ತದೆ. ಸಾಲಾಗಿ ಹತ್ತು ಇಪ್ಪತ್ತು ಗುಂಡು ಹಾರಿಸಿದರೆ ತೆಳ್ಳನೆಯ ನಳಿಗೆ ಬೇಗ ಕಾಯುತ್ತದೆ; ಕಾದಾಗ ಗುಂಡು ಬೀಳುವ ಜಾಗ ಅಲ್ಪಸ್ವಲ್ಪ ಸರಿಯುತ್ತದೆ. ದಪ್ಪ ನಳಿಗೆಯಲ್ಲಿ ಕಬ್ಬಿಣ ಹೆಚ್ಚಾದ್ದರಿಂದ ಕಾಯಲು ಹೊತ್ತು ಹಿಡಿಯುತ್ತದೆ. ಚಾಪೆಯ ಮೇಲೆ ಮಲಗಿ ದಿನವಿಡೀ ಗುರಿ ಹೊಡೆಯುವವನಿಗೆ ಇವೆಲ್ಲ ನಿಜವಾದ ಲಾಭ. ಮಲಗಿದವನು ಕೋವಿಯನ್ನು ಹೊರುವುದೂ ಇಲ್ಲ.

ಭಾರ ಬೇಡ, ಬಿಗುವು ಬೇಕು ಎಂಬ ಆಸೆಯ ಫಲ ಕಾಲುವೆ ಕೊರೆದ ನಳಿಗೆ. ರೈಫಲಿನ ಒಳಗಡೆ ಗುಂಡನ್ನು ತಿರುಗಿಸಲು ಇರುವ ಸುರುಳಿಗೆರೆ ಬೇರೆ; ಇದು ಹೊರಮೈಯ ಮಾತು. ಹಿಂದಿನ ಎಂಟು ಪಟ್ಟೆ ಅರದ ಕೆಲಸವಾದರೆ ಇದು ಮಿಲ್ಲಿಂಗ್ ಯಂತ್ರದ ಕೆಲಸ. ಇದರ ಗುಟ್ಟನ್ನು ಮಾಡಿಗೆ ಹೊದಿಸುವ ತಗಡಿನಲ್ಲಿ ಕಾಣಬಹುದು. ಚಪ್ಪಟೆ ತಗಡು ಕೈಯಲ್ಲೇ ಬಾಗುತ್ತದೆ; ಅದನ್ನೇ ಅಲೆಯಲೆಯಾಗಿ ಮಾಡಿದರೆ ಬಿಗಿಯಾಗುತ್ತದೆ. ನಡುವಿನಿಂದ ದೂರ ಸರಿದ ಲೋಹಕ್ಕೆ ಬಾಗದಿರುವ ಶಕ್ತಿ ಹೆಚ್ಚು. ನಳಿಗೆಯ ಅಡ್ಡಳತೆಯನ್ನು ಐದರಲ್ಲೊಂದು ಪಾಲು ಹೆಚ್ಚಿಸಿದರೆ ತೂಕ ಸುಮಾರು ಒಂದೂವರೆ ಪಟ್ಟಾಗುವುದರೊಳಗೆ ಬಿಗುವು ಎರಡು ಪಟ್ಟಾಗುತ್ತದೆ. ಹೀಗೆ ದಪ್ಪ ಮಾಡಿ, ಆಮೇಲೆ ಉದ್ದುದ್ದಕ್ಕೆ ಕಾಲುವೆ ಕೊರೆದು ಒಂದಷ್ಟು ತೂಕವನ್ನು ತೆಗೆಯುತ್ತಾರೆ.

ಇಲ್ಲಿಯೇ ಅಂಗಡಿಯವರ ಮಾತು ಜಾರುವುದು. ಕಾಲುವೆ ಕೊರೆದರೆ ನಳಿಗೆ ಬಿಗಿಯಾಗುತ್ತದೆಂದು ಹೇಳುತ್ತಾರೆ. ಇದ್ದ ನಳಿಗೆಯಿಂದ ಲೋಹ ತೆಗೆದರೆ ಅದು ಬಿಗಿಯಾಗುವುದುಂಟೇ? ಅಷ್ಟೇ ದಪ್ಪದ ಇಡೀ ನಳಿಗೆಗಿಂತ ಕಾಲುವೆಯದು ಕಡಿಮೆ ಬಿಗಿ. ಅಷ್ಟೇ ತೂಕದ ತೆಳ್ಳನೆಯ ನಳಿಗೆಗಿಂತ ಹೆಚ್ಚು ಬಿಗಿ. ಎರಡೂ ನಿಜ, ಯಾವುದರೊಡನೆ ಹೋಲಿಸುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಶಾಖದ ವಿಷಯವೂ ಹಾಗೆಯೇ: ಹೊರಮೈ ಹೆಚ್ಚಾದ್ದರಿಂದ ಬೇಗ ಆರುತ್ತದೆ, ಲೋಹ ಕಡಿಮೆಯಾದ್ದರಿಂದ ಬೇಗ ಕಾಯುತ್ತದೆ. ಕೊರೆಯುವ ಕೆಲಸ ಸರಿಯಿಲ್ಲದಿದ್ದರೆ ಉಕ್ಕಿನೊಳಗೆ ಸೆಳೆತ ಉಳಿದು, ಕಾದಾಗ ನಳಿಗೆ ಒಂದು ಮಗ್ಗುಲಿಗೆ ವಾಲುವ ತೊಂದರೆಯೂ ಉಂಟು.

ಬೇಟೆಗಾರನಿಗೆ ಯಾವುದು ಮೇಲೆಂದು ಕೇಳಿದರೆ ನಾನು ಹಳೆಯ ಪುಸ್ತಕಗಳ ಕಡೆಯೇ ನೋಡುತ್ತೇನೆ. ಕಾರ್ಬೆಟ್ ಹೊಡೆದದ್ದು ತಣ್ಣನೆಯ ನಳಿಗೆಯಿಂದ ಒಂದೇ ಗುಂಡು. ಬೇಟೆಯಲ್ಲಿ ಎರಡನೆಯ ಗುಂಡಿಗೇ ಅವಕಾಶ ಅಪರೂಪ, ಇಪ್ಪತ್ತನೆಯದರ ಮಾತೇಕೆ? ನಳಿಗೆ ಕಾಯುವ ಚಿಂತೆ ಅವನದಲ್ಲ. ಬೆಟ್ಟ ಹತ್ತಿಳಿಯುವ ಚಿಂತೆ ಅವನದು. ಹಿಂದೆ ಕೋವಿ ಹೊರುವ ಹೆಗಲು ಇಲ್ಲದ ಕಾಲದಲ್ಲಿ, ತನ್ನ ಹೆಗಲಿಗೆ ತಾಳುವಂಥದನ್ನೇ ಅವನು ಆರಿಸಿಕೊಳ್ಳಬೇಕು. ಕಾಲುವೆಯ ನಳಿಗೆಗೆ ಹೆಚ್ಚು ಹಣ ತೆರಲು ಮನಸ್ಸಿದ್ದರೆ ತೆರಲಿ, ಇಲ್ಲವಾದರೆ ಸಾದಾ ತೆಳು ನಳಿಗೆಯೇ ಸಾಕು. ಇಪ್ಪತ್ತನೆಯ ಶತಮಾನದಲ್ಲಿ ನಳಿಗೆಗಳು ಹಗುರವಾದದ್ದಕ್ಕೆ ರಸಾಯನ ಶಾಸ್ತ್ರ, ಉಕ್ಕು ಎಷ್ಟು ಕಾರಣವೋ, ದಿನಗೂಲಿಗೆ ಕೋವಿ ಹೊರುವ ಆಳುಗಳು ಸಿಗದೆಹೋದದ್ದೂ ಅಷ್ಟೇ ಕಾರಣವಿರಬೇಕೆಂದು ನನ್ನ ಗುಮಾನಿ.

ನಮ್ಮ ದೇಶದಲ್ಲಿ ಈ ಆಯ್ಕೆಯ ಅಗತ್ಯವೇ ಉಳಿದಿಲ್ಲ. ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮುಂದಿನ ವರ್ಷವೇ ವನ್ಯಜೀವಿ ಕಾಯಿದೆ ಬಂದು ಬೇಟೆ ನಿಂತಿತು. ಖೆಡ್ಡಾದ ಆ ಜಾಗವನ್ನು ಕಬಿನಿಯ ನೀರು ಮುಚ್ಚಿತು. ಕೊಡಗಿನ ಮನೆಗಳಲ್ಲಿ ಕೋವಿಗಳು ಇನ್ನೂ ಇವೆ. ಸೆಪ್ಟೆಂಬರ್ ಮೂರರ ಕೈಲ್‌ಪೊಳ್ದ್ ಹಬ್ಬದ ದಿನ ಅವನ್ನು ಒರೆಸಿ, ನೆಲ್ಲಕ್ಕಿ ನಡುಬಾಡೆಯಲ್ಲಿ ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ಆ ದಿನಗಳಲ್ಲಿ ಬೇಲಿಬೇಲಿಗಳಲ್ಲಿ ಬೆಂಕಿಯ ನಾಲಗೆಯಂತೆ ಅರಳಿರುವ ಒಂದು ಹೂವಿದೆ. ಕೊಡವರು ಅದನ್ನು ‘ತೋಕ್ ಪೂ’, ಎಂದರೆ ಕೋವಿಯ ಹೂ, ಎಂದು ಕರೆಯುತ್ತಾರೆ. ನಳಿಗೆ ದಪ್ಪವೋ ಸಣ್ಣವೋ ನೋಡದೆ ಅದರ ಬಾಯಿಗೆ ಒಂದೊಂದು ಸಿಕ್ಕಿಸುತ್ತಾರೆ.